ಕಾರು ಕೊಲ್ಹಾಪುರದ್ದು, ಟ್ಯಾಕ್ಸು ಬಾಗಲಕೋಟೆಯದ್ದು

ಗುಳೇದಗುಡ್ಡದ ಖಣಕ್ಕೆ, ಇಳಕಲ್ಲಿನ ಸೀರೆಗೆ ಮಹಾರಾಷ್ಟ್ರದ ಪೇಟೆ ಹೊಸದಲ್ಲ. ಬಟ್ಟೆ ಅತ್ತ ಹೋಗುವ ದಾರಿಯಲ್ಲೇ ಹಳೆಯ ಕಾರುಗಳು ಇತ್ತ ಬರುತ್ತವೆ. ಸೊಲ್ಲಾಪುರದ ಎಂಎಚ್ 13, ಕೊಲ್ಹಾಪುರದ ಎಂಎಚ್ 09, ಸಾಂಗಲಿಯ ಎಂಎಚ್ 10. ಗೋವಾಕ್ಕೆ ದುಡಿಯಲು ಹೋದವರ ಮೂಲಕ ಜಿಎ ನಂಬರಿನವೂ ಬರುತ್ತವೆ. ‘ಮಹಾರಾಷ್ಟ್ರ ಪಾಸಿಂಗ್ ಗಾಡಿ, ಭಾಳ ಸೋವಿ ಐತ್ರಿ’ ಎಂಬ ಮಾತು ಚಹಾದಂಗಡಿಯಲ್ಲಿ ಕಿವಿಗೆ ಬಿದ್ದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಆ ಸೋವಿ ಬೆಲೆಗೆ ಬಾಗಲಕೋಟೆಯ ಆರ್‌ಟಿಒ ಕಚೇರಿಯಲ್ಲಿ ಇನ್ನೊಂದು ಮೊತ್ತ ಕೂಡಿಕೊಳ್ಳುತ್ತದೆ. ಅದನ್ನು ಮೊದಲೇ ಲೆಕ್ಕ ಹಾಕಿ ಹೊರಡುವವರು ಕಡಿಮೆ.

ಹೊರರಾಜ್ಯದಲ್ಲಿ ಕಾರು ಕೊಂಡರೆ ‘ಸೇಲ್ಸ್ ಟ್ಯಾಕ್ಸ್’ ಉಳಿಯುತ್ತದೆ ಎಂಬ ನಂಬಿಕೆ ಹಳೆಯ ಕಾಲದ್ದು. ವ್ಯಾಟ್ ಇದ್ದಾಗ ದರ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತಿತ್ತು. ಹೊರಗಿನಿಂದ ತಂದ ಸರಕಿಗೆ ಎಷ್ಟೋ ರಾಜ್ಯಗಳು ಪ್ರವೇಶ ತೆರಿಗೆಯನ್ನೂ ಹಾಕುತ್ತಿದ್ದವು. ಅಂಥ ತೆರಿಗೆ ಸರಿಯೇ ತಪ್ಪೇ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠದವರೆಗೂ ಹೋಯಿತು. 2016ರ ನವೆಂಬರ್‌ನಲ್ಲಿ ಪೀಠವು ರಾಜ್ಯಗಳಿಗೆ ಆ ಅಧಿಕಾರ ಇದೆ ಎಂದಿತು. ಗೆದ್ದ ರಾಜ್ಯಗಳಿಗೆ ಅದನ್ನು ಅನುಭವಿಸುವ ಯೋಗ ಮಾತ್ರ ಇರಲಿಲ್ಲ. ಅದೇ ವರ್ಷದ 101ನೇ ಸಂವಿಧಾನ ತಿದ್ದುಪಡಿ ಪ್ರವೇಶ ತೆರಿಗೆಯ ಬೇರನ್ನೇ ಕಿತ್ತಿತ್ತು. 2017ರ ಜುಲೈ 1ರಿಂದ ಜಿಎಸ್‌ಟಿ ಬಂತು.

ಈಗ ಹೊಸ ಕಾರಿನ ಜಿಎಸ್‌ಟಿ ಬಾಗಲಕೋಟೆಯಲ್ಲಿ ಎಷ್ಟೋ ಕೊಲ್ಹಾಪುರದಲ್ಲೂ ಅಷ್ಟೇ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಶೇ 18, ದೊಡ್ಡದಕ್ಕೆ ಶೇ 40, ಬ್ಯಾಟರಿ ಕಾರಿಗೆ ಶೇ 5. ಉದ್ದ ನಾಲ್ಕು ಮೀಟರ್ ಮೀರದೆ, ಪೆಟ್ರೋಲಿನದಾದರೆ 1200 ಸಿಸಿ, ಡೀಸೆಲ್‌ನದಾದರೆ 1500 ಸಿಸಿಯೊಳಗಿನ ಎಂಜಿನ್ ಇದ್ದರೆ ಅದು ಸಣ್ಣ ಕಾರು. ಗುಳೇದಗುಡ್ಡದ ನೇಕಾರರೊಬ್ಬರು ಕೊಲ್ಹಾಪುರದ ಶೋರೂಮಿನಲ್ಲಿ ಬಿಲ್ ಮಾಡಿಸಿದರೆ ಆ ತೆರಿಗೆಯ ರಾಜ್ಯದ ಪಾಲು ಯಾರಿಗೆ? 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮದಂತೆ, ಜಿಎಸ್‌ಟಿ ನೋಂದಣಿ ಇಲ್ಲದ ಗ್ರಾಹಕರ ಬಿಲ್ಲಿನಲ್ಲಿ ಯಾವ ರಾಜ್ಯದ ವಿಳಾಸ ಇದೆಯೋ ಆ ರಾಜ್ಯಕ್ಕೆ. ಬಿಲ್ಲಿನಲ್ಲಿ ಐಜಿಎಸ್‌ಟಿ ಎಂದು ಬರುತ್ತದೆ. ಅದನ್ನು ಕಂಡು ‘ಇದ್ಯಾವ ಹೆಚ್ಚಿನ ಟ್ಯಾಕ್ಸ್’ ಎಂದು ಗಾಬರಿಯಾಗಬೇಕಿಲ್ಲ, ದರ ಅದೇ. ಬೆಲೆ 10 ಲಕ್ಷ ರೂಪಾಯಿ ದಾಟಿದರೆ ಶೋರೂಮಿನವರು ಇನ್ನೂ ಶೇ 1ರಷ್ಟು ಟಿಸಿಎಸ್ ಹಿಡಿಯುತ್ತಾರೆ. ಅದು ಆದಾಯ ತೆರಿಗೆಯ ಮುಂಗಡ, ರಿಟರ್ನ್ ಸಲ್ಲಿಸಿದಾಗ ಜಮೆ ಆಗುತ್ತದೆ.

ಹಳೆಯ ಕಾರಿನ ಜಿಎಸ್‌ಟಿ ಬಗ್ಗೆ ಗಾಳಿಸುದ್ದಿಯೇ ಹೆಚ್ಚು. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ ಸಭೆ ಹಳೆ ವಾಹನಗಳಿಗೆ ಶೇ 18 ಎಂದು ತೀರ್ಮಾನಿಸಿದಾಗ, ಮನೆಯ ಕಾರು ಮಾರುವವರೂ ಕಟ್ಟಬೇಕೇನೋ ಎಂಬ ಗದ್ದಲ ಎದ್ದಿತು. ನಿಜ ಸಂಗತಿ ಇಷ್ಟೇ: ನೋಂದಾಯಿತ ವ್ಯಾಪಾರಿ ತನ್ನ ಲಾಭದ ಮೇಲೆ ಮಾತ್ರ ಕಟ್ಟಬೇಕು. ಮೂರೂವರೆ ಲಕ್ಷಕ್ಕೆ ಕೊಂಡು ನಾಲ್ಕು ಲಕ್ಷಕ್ಕೆ ಮಾರಿದರೆ 50 ಸಾವಿರದ ಮೇಲೆ 9 ಸಾವಿರ ರೂಪಾಯಿ. ನಷ್ಟವಾದರೆ ಏನೂ ಇಲ್ಲ. ಸಾಂಗಲಿಯ ಮಾಸ್ತರರೊಬ್ಬರು ತಮ್ಮ ಸ್ವಂತ ಕಾರನ್ನು ಬಾದಾಮಿಯ ರೈತರೊಬ್ಬರಿಗೆ ಮಾರಿದರೆ ಆ ವ್ಯವಹಾರಕ್ಕೆ ಜಿಎಸ್‌ಟಿಯ ಸಂಬಂಧವೇ ಇಲ್ಲ.

ಹಾಗಾದರೆ ಹೊರೆ ಬೀಳುವುದು ಎಲ್ಲಿ? ಜೀವಾವಧಿ ತೆರಿಗೆಯಲ್ಲಿ. ನಮ್ಮ ಜನ ಲೈಫ್ ಟ್ಯಾಕ್ಸ್ ಎನ್ನುವುದು ಇದನ್ನೇ. 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯ್ದೆಯಡಿ ಇದು ರಾಜ್ಯದ ಹಕ್ಕು, ಮತ್ತು ಕರ್ನಾಟಕದ ದರ ದೇಶದ ಅತಿ ಹೆಚ್ಚಿನ ದರಗಳಲ್ಲೊಂದು. 5 ಲಕ್ಷದವರೆಗಿನ ಕಾರಿಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರಾಚೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಉಪಕರ. ಮಹಾರಾಷ್ಟ್ರದಲ್ಲಿ ಪೆಟ್ರೋಲ್ ಕಾರಿಗೆ ಬೆಲೆಯ ಪ್ರಕಾರ ಶೇ 11, 12, 13. ದೆಹಲಿಯಲ್ಲಿ ಇನ್ನೂ ಕಡಿಮೆ, 6 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ 4 ಮಾತ್ರ. 12 ಲಕ್ಷದ ಪೆಟ್ರೋಲ್ ಕಾರಿಗೆ ಸೊಲ್ಲಾಪುರದವರು 1,44,000 ರೂಪಾಯಿ ಕಟ್ಟಿದರೆ ಇಳಕಲ್ಲಿನವರು 2,26,440 ಕಟ್ಟುತ್ತಾರೆ. ಗಡಿಯ ಆಚೆ ಈಚೆ 82 ಸಾವಿರ ರೂಪಾಯಿಯ ಅಂತರ ಇದ್ದಾಗ ಜನರ ಕಣ್ಣು ಆಚೆಗೆ ಹೋಗುವುದು ಸಹಜವೇ.

ಆದರೆ ಆಚೆಯಿಂದ ತಂದ ಹಳೆ ಕಾರು ಇಲ್ಲಿಯ ತೆರಿಗೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ಈ ತೆರಿಗೆಯನ್ನು ನೀವು ಕೊಟ್ಟ ಬೆಲೆಯ ಮೇಲೆ ಲೆಕ್ಕ ಹಾಕುವುದಿಲ್ಲ. ಕಾರು ಹೊಸದಿದ್ದಾಗಿನ ಮೂಲ ಬೆಲೆ ಹಿಡಿದು, ವಯಸ್ಸಿಗೆ ತಕ್ಕಂತೆ ಇಳಿಸುತ್ತಾರೆ. ಎರಡು ವರ್ಷದೊಳಗಿನ ಕಾರಿಗೆ ಹೊಸದರ ತೆರಿಗೆಯ ಶೇ 93, ಮೂರು ದಾಟಿ ನಾಲ್ಕರೊಳಗಿದ್ದರೆ ಶೇ 81, ಹತ್ತು ದಾಟಿ ಹನ್ನೊಂದರೊಳಗಿದ್ದರೆ ಶೇ 45. ಹೊಸದರಲ್ಲಿ 8 ಲಕ್ಷದ ಕಾರು, ಈಗ ಮೂರೂವರೆ ವರ್ಷದ್ದು, ಕೊಲ್ಹಾಪುರದಲ್ಲಿ 4 ಲಕ್ಷಕ್ಕೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಹೊಸದರ ತೆರಿಗೆ ಉಪಕರ ಸೇರಿ 1,24,320. ಅದರ ಶೇ 81 ಎಂದರೆ ಒಂದು ಲಕ್ಷ ರೂಪಾಯಿಯ ಮೇಲೆ. ಮೊದಲ ಮಾಲೀಕ ಮಹಾರಾಷ್ಟ್ರಕ್ಕೆ ಕಟ್ಟಿದ ತೆರಿಗೆ ಇಲ್ಲಿ ಜಮೆಯಾಗುವುದಿಲ್ಲ. ಬಾಗಲಕೋಟೆಯಲ್ಲೇ ಐದು ಲಕ್ಷಕ್ಕೆ ಸಿಗುವ ಕೆಎ 29 ನಂಬರಿನ ಕಾರನ್ನು ಬಿಟ್ಟು ಅಲ್ಲಿಗೆ ಹೋದವರಿಗೆ ಉಳಿದದ್ದು ಓಡಾಟ ಮಾತ್ರ.

ದೆಹಲಿಯ ಕಾರುಗಳ ಕಥೆ ಇನ್ನೂ ಬೇರೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಬಾರದು ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಬಳಿಕ ದೊಡ್ಡ ಡೀಸೆಲ್ ಗಾಡಿಗಳು ಕಡಿಮೆ ಬೆಲೆಗೆ ದಕ್ಷಿಣದ ಕಡೆ ಹರಿದುಬಂದವು. ಹೊಸದರಲ್ಲಿ 15 ಲಕ್ಷ ಇದ್ದ ಗಾಡಿಗೆ ಹತ್ತು ವರ್ಷವಾದ ಮೇಲೂ ಕರ್ನಾಟಕದಲ್ಲಿ ಸುಮಾರು 1,27,000 ರೂಪಾಯಿ ತೆರಿಗೆ ಬೀಳುತ್ತದೆ. ಅಷ್ಟು ಕಟ್ಟಿದ ಮೇಲೆ ಹದಿನೈದು ವರ್ಷದ ನೋಂದಣಿ ಮುಗಿಯಲು ಉಳಿಯುವುದು ನಾಲ್ಕೈದು ವರ್ಷ. ಇಂಥ ವ್ಯಾಪಾರಕ್ಕೆ ಕೈ ಹಾಕದಿರುವುದೇ ಲೇಸು.

ಹೊರರಾಜ್ಯದ ನಂಬರಿನಲ್ಲೇ ಓಡಿಸಿದರೆ ಏನಾಗುತ್ತದೆ? 1988ರ ಮೋಟಾರು ವಾಹನ ಕಾಯ್ದೆಯಂತೆ ಒಂದು ರಾಜ್ಯದ ನೋಂದಣಿ ದೇಶಕ್ಕೆಲ್ಲ ನಡೆಯುತ್ತದೆ. 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಮಾತ್ರ ಅಲ್ಲಿಯ ನಂಬರು ಪಡೆಯಬೇಕು. ಕರ್ನಾಟಕ ಸರ್ಕಾರ 2014ರಲ್ಲಿ ತಿದ್ದುಪಡಿ ತಂದು, 30 ದಿನ ದಾಟಿದರೆ ಜೀವಾವಧಿ ತೆರಿಗೆ ಕಟ್ಟಿ ಎಂದಿತು. ಬೆಂಗಳೂರಿಗೆ ನೌಕರಿಗೆ ಬಂದವರನ್ನು ರಸ್ತೆಯಲ್ಲೇ ನಿಲ್ಲಿಸಿ ವಸೂಲಿ ನಡೆಯಿತು. 2016ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ವರ್ಷ ಮೀರಿದವರಿಗೆ ಮಾತ್ರ ರಿಯಾಯಿತಿ ಇಲ್ಲ: 2025ರ ಜುಲೈನಲ್ಲಿ ಬೆಂಗಳೂರಿನ ಆರ್‌ಟಿಒ ಅಧಿಕಾರಿಗಳು ಮಹಾರಾಷ್ಟ್ರ ನೋಂದಣಿಯ ಒಂದೇ ಒಂದು ಫೆರಾರಿ ಕಾರಿನಿಂದ 1.41 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡರು.

ಈ 12 ತಿಂಗಳ ಅವಕಾಶವನ್ನು ನಮ್ಮ ಕಡೆ ಬಹಳ ಮಂದಿ ತಪ್ಪಾಗಿ ಹಿಡಿಯುತ್ತಾರೆ. ಅದು ತನ್ನದೇ ಕಾರಿನೊಂದಿಗೆ ರಾಜ್ಯ ಬದಲಿಸಿದವರಿಗೆ ಇರುವುದು. ಕಾರನ್ನು ಕೊಂಡವರು 30 ದಿನದೊಳಗೆ ತಮ್ಮ ಊರಿನ ಆರ್‌ಟಿಒಗೆ ತಿಳಿಸಬೇಕು. ಮಾರಿದವರ ಕಡೆಯಿಂದ ಫಾರ್ಮ್ 28ರ ಎನ್‌ಒಸಿ, 29 ಮತ್ತು 30ರ ಮಾಲೀಕತ್ವ ವರ್ಗಾವಣೆ ಅರ್ಜಿ, ಹೊಸ ನಂಬರಿಗೆ ಫಾರ್ಮ್ 27, ಸಾಲವಿದ್ದರೆ ಬ್ಯಾಂಕಿನ ಫಾರ್ಮ್ 35 ಬೇಕು. ಎನ್‌ಒಸಿ ಫಾರ್ಮಿನ ಮೇಲೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಇರಬೇಕು. ಎನ್‌ಒಸಿ ಕೈಗೆ ಬಾರದೆ ಪೂರ್ತಿ ಹಣ ಕೊಟ್ಟವರ ಪಾಡು ಏಜೆಂಟರಿಗೇ ಚೆನ್ನಾಗಿ ಗೊತ್ತು.

ಹೆಸರು ಬದಲಿಸದೆ ಓಡಿಸುವುದರಲ್ಲಿ ಮಾರಿದವರಿಗೂ ಆಪತ್ತಿದೆ. ಹರಿಯಾಣದ ಒಂದು ಕಾರು ಕೈಯಿಂದ ಕೈಗೆ ಮಾರಾಟವಾಗಿ, ಆರ್‌ಸಿ ಮಾತ್ರ ಮೊದಲಿನವನ ಹೆಸರಲ್ಲೇ ಉಳಿದಿತ್ತು. ಅಪಘಾತದಲ್ಲಿ ಒಂದು ಮಗು ಸತ್ತಿತು. ಪರಿಹಾರ ಕೊಡಬೇಕಾದವನು ಆರ್‌ಸಿಯಲ್ಲಿ ಹೆಸರಿರುವ ಮಾಲೀಕನೇ ಎಂದು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕೊಂಡವರ ಮಾತು ಬಂದರೆ, ವಿಮೆಯ ಹೆಸರನ್ನು 14 ದಿನದೊಳಗೆ ಬದಲಿಸಿಕೊಳ್ಳಲು ಅರ್ಜಿ ಹಾಕಬೇಕು. ಇಲ್ಲದಿದ್ದರೆ ತಮ್ಮ ಕಾರಿಗಾದ ಹಾನಿಯ ಹಣ ಸಿಗುವುದು ಕಷ್ಟ.

ವರ್ಗವಾಗಿ ತಿರುಗುವವರಿಗೆ 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರು ಒಳ್ಳೆಯ ದಾರಿ. ಸೈನಿಕರು, ಸರ್ಕಾರಿ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯವರು ಎರಡೆರಡು ವರ್ಷದ ತೆರಿಗೆ ಕಟ್ಟುತ್ತ ಹೋಗಬಹುದು. ಹುನಗುಂದದಿಂದ ಸೇನೆಗೆ ಹೋದ ಯುವಕರಿಗೆ ಇದು ನೆನಪಿರಲಿ.

ಈ ತೊಡಕು ಭಾರತದ್ದಷ್ಟೇ ಅಲ್ಲ. ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಮಾರಾಟ ತೆರಿಗೆಯೇ ಇಲ್ಲ. ಅಲ್ಲಿ ಕಾರು ಕೊಂಡು ಪಕ್ಕದ ಕ್ಯಾಲಿಫೋರ್ನಿಯಕ್ಕೆ ತಂದವರಿಂದ ನೋಂದಣಿ ವೇಳೆ ಬಳಕೆ ತೆರಿಗೆ ಎಂಬ ಹೆಸರಿನಲ್ಲಿ ವಸೂಲು ಮಾಡುತ್ತಾರೆ. ಅಲ್ಲಿ ಬೇರೆ ರಾಜ್ಯಕ್ಕೆ ಕಟ್ಟಿದ ಮಾರಾಟ ತೆರಿಗೆಯನ್ನು ಮುರಿದುಕೊಳ್ಳುತ್ತಾರೆ. ಇಲ್ಲಿ ಹಳೆ ರಾಜ್ಯಕ್ಕೆ ಹೋಗಿ ಮರುಪಾವತಿ ಕೇಳಬೇಕು. ಎರಡು ರಾಜ್ಯ ಸರ್ಕಾರಗಳು ತಮ್ಮೊಳಗೆ ಲೆಕ್ಕ ತೀರಿಸಿಕೊಳ್ಳುವ ಬದಲು ನಾಗರಿಕರನ್ನು ಎರಡೂ ಕಡೆ ಓಡಾಡಿಸುವ ಈ ಪದ್ಧತಿ ಜಿಎಸ್‌ಟಿ ಕಾಲಕ್ಕೆ ಒಪ್ಪುವಂಥದ್ದಲ್ಲ.

ಈ ಪದ್ಧತಿ ಬದಲಾಗುವವರೆಗೆ ಕೊಳ್ಳುವವರು ಒಂದು ಕೆಲಸ ಮಾಡಬಹುದು. ಮುಂಗಡ ಕೊಡುವ ಮುನ್ನ ಆ ಕಾರಿನ ಮೊದಲ ಬಿಲ್ಲಿನ ಪ್ರತಿ ಕೇಳಿ, ಆರ್‌ಸಿಯಲ್ಲಿರುವ ನೋಂದಣಿ ದಿನಾಂಕ ನೋಡಿ, ಎರಡನ್ನೂ ಬಾಗಲಕೋಟೆ ಆರ್‌ಟಿಒ ಕಚೇರಿಗೆ ಒಯ್ದು ತೆರಿಗೆ ಎಷ್ಟಾಗುತ್ತದೆ ಎಂದು ಕೇಳಿ. ಆ ಮೊತ್ತವನ್ನು ಕೂಡಿಸಿದ ಮೇಲೆ ವ್ಯಾಪಾರಕ್ಕೆ ಕೂರಿ.