ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ರಸ್ತೆಯ ಹೆಸರೆತ್ತಿದರೆ ಹುಬ್ಬಳ್ಳಿ-ಧಾರವಾಡದ ಜನರಿಗೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಆಗ ಎರಡೇ ಪಥಗಳಿದ್ದ ಆ ರಸ್ತೆಯಲ್ಲಿ, 2021ರ ಜನವರಿ 15ರಂದು, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರ ವಾಹನ ಇಟಿಗಟ್ಟಿಯ ಬಳಿ ಟಿಪ್ಪರಿಗೆ ಡಿಕ್ಕಿಯಾದುದನ್ನು ಯಾರೂ ಮರೆತಿಲ್ಲ. ಅಪಘಾತದಲ್ಲಿ ಮಡಿದವರ ಲೆಕ್ಕವನ್ನು ಪತ್ರಿಕೆಗಳು ಕೊಡುತ್ತವೆ. ತಲೆಗೆ ಪೆಟ್ಟು ಬಿದ್ದೂ ಬದುಕುಳಿದು ಮನೆಗೆ ಮರಳಿದವರ ಲೆಕ್ಕವನ್ನು ಇಡುವವರು ಯಾರು?

ಅಂಥ ಒಂದು ಮನೆಗೆ ನಾವು ಹೋಗಿದ್ದೆವು. ಮನೆಯವರು ಬೇಡವೆಂದುದರಿಂದ ಹೆಸರನ್ನಾಗಲಿ ಓಣಿಯನ್ನಾಗಲಿ ಹೇಳುವುದಿಲ್ಲ. ಬೈಕಿನಿಂದ ಬಿದ್ದ ಮಗ. ಹೆಲ್ಮೆಟ್ ಮನೆಯ ಮೊಳೆಗೆ ನೇತಾಡುತ್ತಿತ್ತಂತೆ. ಈಗ ನಡೆಯುತ್ತಾನೆ, ಉಣ್ಣುತ್ತಾನೆ, ನಗುತ್ತಾನೆ. ಆದರೆ ಬೆಳಿಗ್ಗೆ ಕೇಳಿದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಸಣ್ಣ ಮಾತಿಗೆ ಸಿಟ್ಟು ನೆತ್ತಿಗೇರುತ್ತದೆ. “ಮೊದಲ ತಿಂಗಳು ಮನೀ ತುಂಬ ಮಂದಿ ಇದ್ರು ನೋಡ್ರಿ. ಈಗ ಯಾರೂ ಹಣಿಕಿ ಹಾಕಂಗಿಲ್ಲ. ಆರಾಮ ಅದಾನಲ್ಲ, ಮತ್ತೇನಾಗೇತಿ ಅಂತಾರ,” ಎಂದರು ತಾಯಿ.

ಏನಾಗಿದೆ ಎಂಬುದು ಹೊರಗಣ್ಣಿಗೆ ಕಾಣುವಂಥದ್ದಲ್ಲ. ಪ್ರಜ್ಞೆಯ ಮಟ್ಟವನ್ನು ಅಳೆಯಲು ವೈದ್ಯರು ಬಳಸುವ ಗ್ಲಾಸ್ಗೋ ಮಾಪಕವನ್ನು 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ವೈದ್ಯರು ರೂಪಿಸಿದರು. ಕಣ್ಣು ತೆರೆಯುವಿಕೆ, ಮಾತು, ಚಲನೆ ಇವಕ್ಕೆ ಅಂಕ ಕೊಟ್ಟು ಕೂಡಿಸಿದರೆ ಕನಿಷ್ಠ 3, ಗರಿಷ್ಠ 15. ಮನೆಯವರು ಹದಿನೈದನ್ನು ಕಂಡು ಗಂಡಾಂತರ ಕಳೆಯಿತೆಂದು ನಿಟ್ಟುಸಿರು ಬಿಡುತ್ತಾರೆ. ಆದರೆ ನೆನಪು, ಗಮನ, ತಾಳ್ಮೆ, ಮುಂದಾಲೋಚನೆ ಇವಾವುವೂ ಆ ಅಂಕದಲ್ಲಿ ಸೇರಿಲ್ಲ. ಹಣೆಯ ಹಿಂದಿರುವ ಮಿದುಳಿನ ಭಾಗಕ್ಕೆ ಪೆಟ್ಟಾದರೆ ಸಿಟ್ಟಿನ ಕಡಿವಾಣವೇ ಸಡಿಲಾಗುತ್ತದೆ. ಅದು ದುರ್ಗುಣವಲ್ಲ, ಗಾಯ. ಮೊದಲ ಕೆಲವು ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ; ಅನಂತರ ನಿಧಾನವಾಗುತ್ತದೆಯಾದರೂ ವರ್ಷಗಳ ಕಾಲ ಮುಂದುವರಿಯಬಲ್ಲದು.

ನಮ್ಮದು ರೈಲ್ವೆಯವರ ಊರು. ಆದ್ದರಿಂದ ಒಬ್ಬ ರೈಲ್ವೆ ಮೇಸ್ತ್ರಿಯ ಕಥೆಯನ್ನು ಇಲ್ಲಿ ಹೇಳಬೇಕು. 1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟಿನಲ್ಲಿ ಹಳಿಯ ದಾರಿಗಾಗಿ ಬಂಡೆ ಸಿಡಿಸುವಾಗ, ಫಿನಿಯಾಸ್ ಗೇಜ್ ಎಂಬಾತನ ಕೆನ್ನೆಯೊಳಗೆ ಹೊಕ್ಕ ಕಬ್ಬಿಣದ ಸಲಾಕೆ ನೆತ್ತಿಯಿಂದ ಹೊರಬಿತ್ತು. ಆತ ಬದುಕಿದ. ಆದರೆ ಗೆಳೆಯರಿಗೆ ಆತ ಹಳೆಯ ಗೇಜ್ ಆಗಿ ಉಳಿಯಲಿಲ್ಲ. ಪಠ್ಯಪುಸ್ತಕಗಳು ಇಲ್ಲಿಗೇ ನಿಲ್ಲಿಸುವುದುಂಟು. ಮುಂದೆ ಆತ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿದ. ದಿನವೂ ಅದೇ ಹೊತ್ತು, ಅದೇ ದಾರಿ, ಅದೇ ಕುದುರೆಗಳು: ಈ ಕ್ರಮಬದ್ಧ ದುಡಿಮೆಯೇ ಆತನನ್ನು ಮತ್ತೆ ಹಳಿಗೆ ತಂದಿರಬೇಕೆಂದು ದಾಖಲೆಗಳನ್ನು ಶೋಧಿಸಿದ ವಿದ್ವಾಂಸರು ಊಹಿಸುತ್ತಾರೆ. ನಮ್ಮ ಮಟ್ಟಿಗೆ ಕಥೆಯ ಈ ಭಾಗವೇ ಮುಖ್ಯ.

ಆ ತಾಯಿ ಗೇಜನ ಹೆಸರು ಕೇಳಿದವರಲ್ಲ. ಮಾಡುತ್ತಿರುವುದು ಮಾತ್ರ ಅದನ್ನೇ. ಗೋಡೆಯ ಮೇಲೆ ದೊಡ್ಡ ಅಕ್ಷರದ ಕ್ಯಾಲೆಂಡರ್, ಜೇಬಿನಲ್ಲಿ ನೋಟ್‌ಬುಕ್ಕು. ಒಂದು ಸಲಕ್ಕೆ ಒಂದೇ ಕೆಲಸ. ಸ್ನಾನ, ವ್ಯಾಯಾಮ, ಊಟ, ನಿದ್ರೆ ಎಲ್ಲಕ್ಕೂ ಗೊತ್ತಾದ ವೇಳೆ. ಹಬ್ಬದ ದಿನದ ಧ್ವನಿವರ್ಧಕ, ಜನಸಂದಣಿ ಅವನನ್ನು ಬಳಲಿಸುತ್ತವೆ. ಆದ್ದರಿಂದ ಜನ ಕಡಿಮೆಯಿರುವ ಮುಂಜಾನೆಯ ಬಲಿಪೂಜೆಗೆ ಕರೆದೊಯ್ಯುತ್ತಾರೆ. ಅವನು ನಡುವೆ ಎದ್ದು ಹೊರನಡೆದರೆ ತಿರುಗಿ ನೋಡುವ ನಾವು ಇದನ್ನು ತಿಳಿದಿರಬೇಕಿತ್ತು.

‘ಧಾರವಾಡಕ್ಕೆ ಕರೆದುಕೊಂಡು ಹೋಗಿ’ ಎಂಬ ಚುಚ್ಚುಮಾತು ಈ ಕಡೆ ಎಲ್ಲರಿಗೂ ಗೊತ್ತು. 1845ರಲ್ಲಿ ಆರಂಭವಾದ ಅಲ್ಲಿನ ಮಾನಸಿಕ ಆಸ್ಪತ್ರೆಯ ನೆರಳು ಅದು. ಆ ಮಾತಿಗೆ ಅಂಜಿ, ಮಗನ ಸಿಟ್ಟಿಗೂ ಖಿನ್ನತೆಗೂ ಔಷಧವುಂಟೆಂದು ತಿಳಿಯದೆ ವರ್ಷ ಕಳೆದ ಮನೆಗಳಿವೆ. ಇಂದು ಡಿಮ್ಹಾನ್ಸ್ ಎನಿಸಿಕೊಂಡಿರುವ ಆ ಸಂಸ್ಥೆಗೆ ಹೋಗುವುದರಲ್ಲಿ ನಾಚಿಕೆಯೇನು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೆಂದೇ ಒಂದು ವಿಭಾಗವಿದೆ. ಮಾತು ತೊದಲಿದವರಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಿದೆ. ದೂರದ ಪ್ರಯಾಣ, ರಜೆ, ಖರ್ಚು ಎಲ್ಲರ ಕೈಗೆಟಕುವಂಥವಲ್ಲವೆಂಬುದೂ ನಿಜ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಮಿದುಳಿನ ಪೆಟ್ಟು ಪ್ರತ್ಯೇಕವಾಗಿ ಆ ಪಟ್ಟಿಯಲ್ಲಿಲ್ಲ. ಕೈಕಾಲು ಗಟ್ಟಿಯಿದ್ದು ನೆನಪು ಮಾತ್ರ ಹೋದವನು ಪ್ರಮಾಣಪತ್ರಕ್ಕಾಗಿ ಯಾವ ಸಾಲಿನಲ್ಲಿ ನಿಲ್ಲಬೇಕು?

ಇನ್ನೊಂದು ಮಾತು. ಅಭ್ಯಂಗ ಸಂಸ್ಕಾರವೆಂದರೆ ಸಾವಿನ ಕರೆಯೆಂದು ಬೆದರಿ ಗುರುಗಳನ್ನು ಕರೆಯಲು ಹಿಂಜರಿಯುವ ಹಿರಿಯರು ಇಂದಿಗೂ ಇದ್ದಾರೆ. ಅದು ಸಾಯುವವರಿಗೆ ಮಾತ್ರವಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಸ್ಪಷ್ಟಪಡಿಸಿತು. 1972ರಲ್ಲಿ ಆರನೆಯ ಪೌಲರು ಅದರ ವಿಧಿಯನ್ನು ಪರಿಷ್ಕರಿಸಿದರು. ದೀರ್ಘಕಾಲದ ರೋಗಿಗೂ ಅದು ಸಲ್ಲುತ್ತದೆ.

ನಾವು ಹೊರಡಲು ಎದ್ದಾಗ ಅವನು ನೋಟ್‌ಬುಕ್ಕು ತೆಗೆದು ನಮ್ಮ ಹೆಸರನ್ನು ಕೇಳಿ ಬರೆದುಕೊಂಡ. ಬಂದ ಕೂಡಲೇ ಒಮ್ಮೆ ಬರೆದುಕೊಂಡಿದ್ದ. ಮತ್ತೆ ಬರುವ ದಿನವನ್ನೂ ಬರೆಯಲೇ ಎಂದು ಕೇಳಿದ. ಮುಂದಿನ ರವಿವಾರ ಎಂದೆವು. ತಾಯಿ ಬಾಗಿಲ ಬಳಿ ನಮ್ಮ ಮುಖವನ್ನೇ ನೋಡುತ್ತಿದ್ದರು.