ಮಧುಮೇಹವೂ ಅಂಕೆ ತಪ್ಪಿದ ಅಂಗಗಳೂ

ಮಧುಮೇಹವೆಂಬ ಶಬ್ದದಲ್ಲಿಯೇ ರೋಗದ ಲಕ್ಷಣವೊಂದು ಅಡಗಿದೆ: ಮೂತ್ರವು ಜೇನಿನಂತೆ ಸಿಹಿಯಾಗುವುದು. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕಸಂಹಿತೆಯು ಗುರುತಿಸಿದೆ. ಈ ವ್ಯಾಧಿಯು ಕಣ್ಣು, ಮೂತ್ರಪಿಂಡ, ಪಾದಗಳನ್ನು ಬಾಧಿಸುವುದೆಂಬುದು ಬಹುಜನವಿದಿತ. ಆದರೆ ಅದು ಕೈಕಾಲುಗಳನ್ನು ಕುಣಿಸಬಲ್ಲುದು, ನುಂಗುವ ಶಕ್ತಿಯನ್ನೂ ಕುಂದಿಸಬಲ್ಲುದು ಎಂಬುದನ್ನು ಅರಿತವರು ವಿರಳ.

ಈ ಅನೈಚ್ಛಿಕ ಚಲನೆಗೆ ವೈದ್ಯರು 'ಕೊರಿಯಾ' ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಇದರ ಮೂಲಪದಕ್ಕೆ ನೃತ್ಯವೆಂದರ್ಥ. ಆದರೆ ಈ ನೃತ್ಯಕ್ಕೆ ತಾಳವಿಲ್ಲ. ಕುಣಿಯುವವನ ಇಚ್ಛೆಯೂ ಇಲ್ಲ. ಸಾಮಾನ್ಯವಾಗಿ ದೇಹದ ಒಂದೇ ಪಾರ್ಶ್ವದ ಕೈಕಾಲುಗಳು ಹೊರಳುತ್ತವೆ, ಚಿಮ್ಮುತ್ತವೆ; ನಿದ್ರೆಯಲ್ಲಿ ಬಹುಮಟ್ಟಿಗೆ ಶಾಂತವಾಗುತ್ತವೆ. ವೃದ್ಧರಲ್ಲಿ, ಅದರಲ್ಲಿಯೂ ಸ್ತ್ರೀಯರಲ್ಲಿ, ಇದು ಹೆಚ್ಚು. ರಕ್ತದ ಸಕ್ಕರೆ ಏರಿದವರಲ್ಲಿ ಇಂತಹ ಚಲನೆಯನ್ನು ಬೆಡ್‌ವೆಲ್ ಎಂಬ ವೈದ್ಯನು 1960ರಲ್ಲಿ ವರ್ಣಿಸಿದನು.

ಮೆದುಳಿನ ಆಳದಲ್ಲಿ ಚಲನೆಗಳನ್ನು ಹದಗೊಳಿಸುವ ನರಕೋಶಗಳ ಸಮೂಹಗಳಿವೆ. ಉಪವಾಸದಲ್ಲಿ 100 ಮಿಲಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂಗಿಂತ ಕಡಿಮೆ ಇರಬೇಕಾದ ಸಕ್ಕರೆಯು ಇಂತಹ ರೋಗಿಗಳಲ್ಲಿ ಹಲವೊಮ್ಮೆ 400ನ್ನು ಮೀರಿರುತ್ತದೆ. ಆಗ ರಕ್ತವು ಮಂದವಾಗಿ ಆ ಭಾಗಕ್ಕೆ ಪೋಷಣೆ ಕುಗ್ಗುವುದೆಂದೂ, ಚಲನೆಗೆ ಕಡಿವಾಣ ಹಾಕುವ 'ಗಾಬಾ' ಎಂಬ ರಾಸಾಯನಿಕವು ಬರಿದಾಗುವುದೆಂದೂ ತಜ್ಞರು ಊಹಿಸಿದ್ದಾರೆ. ಕಡಿವಾಣ ಸಡಿಲಿದ ಕುದುರೆಯಂತೆ ಅಂಗಗಳು ಅಂಕೆ ಮೀರುತ್ತವೆ. ಬಲಮೆದುಳು ಬಾಧಿತವಾದರೆ ಎಡಭಾಗದ ಅಂಗಗಳು ಕುಣಿಯುತ್ತವೆ.

ನಾಲಗೆ, ಮುಖಗಳಿಗೂ ಈ ಚಲನೆ ಹಬ್ಬಿದರೆ ತುತ್ತು ನುಂಗುವುದು ಕಷ್ಟ. ಇದಲ್ಲದೆ, ಬಹುಕಾಲದ ಮಧುಮೇಹವು ಹತ್ತನೆಯ ಕಪಾಲನರವನ್ನು ಕೆಡಿಸಿ ಅನ್ನನಾಳ, ಜಠರಗಳ ಗತಿಯನ್ನು ನಿಧಾನಗೊಳಿಸುವುದೂ ಉಂಟು. ಅನ್ನ, ನೀರು ದಾರಿತಪ್ಪಿ ಶ್ವಾಸನಾಳವನ್ನು ಹೊಕ್ಕರೆ ನ್ಯುಮೋನಿಯಾ ಉಂಟಾಗಬಹುದು. ಆದುದರಿಂದ ಅರೆಪ್ರಜ್ಞೆಯಲ್ಲಿರುವ ರೋಗಿಯ ಬಾಯಿಗೆ ಗಂಜಿಯನ್ನಾಗಲಿ ನೀರನ್ನಾಗಲಿ ಹೊಯ್ಯಬಾರದು. ಎಚ್ಚರವಿದ್ದವರಿಗೂ ನೆಟ್ಟಗೆ ಕುಳ್ಳಿರಿಸಿ ಕಿರುತುತ್ತುಗಳನ್ನೇ ಕೊಡಬೇಕು.

ಮನೆಯ ಹಿರಿಯಳೊಬ್ಬಳ ಕೈ ಹಠಾತ್ತನೆ ಕುಣಿಯತೊಡಗಿದರೆ ಗಾಳಿ ಸೋಕಿತೆಂದು ತಾಯಿತ ಕಟ್ಟಿಸುವವರು ಇನ್ನೂ ಇದ್ದಾರೆ. ಅಷ್ಟರಲ್ಲಿ ಅಮೂಲ್ಯವಾದ ಕಾಲವು ಕಳೆದುಹೋಗುತ್ತದೆ. ಬೆರಳ ತುದಿಯ ಒಂದು ಹನಿ ರಕ್ತವು ಸಕ್ಕರೆಯ ಪ್ರಮಾಣವನ್ನು ಕ್ಷಣಮಾತ್ರದಲ್ಲಿ ತಿಳಿಸಬಲ್ಲುದು. ಸಕ್ಕರೆ ತೀರ ಇಳಿದಾಗಲೂ, ಪಾರ್ಶ್ವವಾಯುವಿನಲ್ಲಿಯೂ ಇಂತಹ ಚಲನೆ ಕಾಣಬಹುದಾದುದರಿಂದ ರೋಗಿಯನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯುವುದೇ ವಿವೇಕ. ಇನ್ಸುಲಿನ್ನಿನಿಂದ ಸಕ್ಕರೆಯು ಹತೋಟಿಗೆ ಬಂದಂತೆ ಅನೇಕರಲ್ಲಿ ಕೆಲವು ದಿನ ಅಥವಾ ವಾರಗಳಲ್ಲಿ ಚಲನೆ ಅಡಗುತ್ತದೆ. ಕೆಲವರಲ್ಲಿ ಮಾತ್ರ ದೀರ್ಘಕಾಲ ಉಳಿಯುತ್ತದೆ.

ಅಂಗಗಳ ಅಂಕೆ ನಾಲಗೆಯ ಅಂಕೆಯನ್ನು ಅವಲಂಬಿಸಿದೆ. ಮಿತವಾದ ಆಹಾರ, ನಿಯತವಾದ ವ್ಯಾಯಾಮ, ತಪ್ಪದ ಔಷಧ, ಕಾಲಕಾಲಕ್ಕೆ ರಕ್ತಪರೀಕ್ಷೆ, ಇವೇ ಮಧುಮೇಹಿಗೆ ರಕ್ಷೆ. ಈ ತಿಳಿವನ್ನು ಮನೆಮನೆಗೆ ಮುಟ್ಟಿಸುವುದು ವಿದ್ಯಾವಂತರೆಲ್ಲರ ಕರ್ತವ್ಯವಾಗಿದೆ.