ಸಿದ್ಧಮಾಂಸದ ರಕ್ಷಣೆಗೆ ಸಸ್ಯಜನ್ಯ ಲೇಪಗಳು

ಮಾಂಸವು ಬಹು ಬೇಗನೆ ಕೆಡತಕ್ಕ ಪದಾರ್ಥವೆಂಬುದು ಎಲ್ಲರೂ ಬಲ್ಲ ಸಂಗತಿ. ಉಪ್ಪು ಹಚ್ಚುವುದು, ಒಣಗಿಸುವುದು, ಹೊಗೆ ಕೊಡುವುದು ಮುಂತಾದ ಕ್ರಮಗಳಿಂದ ಅದನ್ನು ಕಾಪಾಡುವ ಪದ್ಧತಿಯು ಪೂರ್ವದಿಂದಲೂ ಉಂಟು. ಕೊಡಗಿನಲ್ಲಿ ಹಂದಿಮಾಂಸಕ್ಕೆ ಕಾಚಂಪುಳಿಯನ್ನು ಹಾಕುವುದು ರುಚಿಗಾಗಿಯೇ ಆದರೂ, ಹುಳಿಯಿರುವೆಡೆ ಸೂಕ್ಷ್ಮಜೀವಿಗಳು ಸುಲಭವಾಗಿ ಹೆಚ್ಚಲಾರವೆಂಬ ಪ್ರಯೋಜನವೂ ಅದರಲ್ಲಿ ಅಡಗಿದೆ.

ಈಗ ಪಟ್ಟಣಗಳಲ್ಲಿ ಸಾಸೇಜು, ಹ್ಯಾಮು, ಸಲಾಮಿ ಮೊದಲಾದ ಸಿದ್ಧಮಾಂಸಗಳ ಮಾರಾಟವು ನಡೆದಿದೆ. ಇವುಗಳಲ್ಲಿ ಹಲವನ್ನು ಪುನಃ ಬೇಯಿಸದೆಯೇ ತಿನ್ನುವುದು ರೂಢಿ. ಇಂಥ ಮಾಂಸದ ಮೇಲೆ ಲವಂಗ, ಚಕ್ಕೆ, ಓಮ ಇವುಗಳ ಎಣ್ಣೆಯನ್ನೊಳಗೊಂಡ ತೆಳುವಾದ ಲೇಪವನ್ನು ಕೊಡುವ ವಿಧಾನವನ್ನು ಹಲವು ದೇಶಗಳಲ್ಲಿ ಪರೀಕ್ಷಿಸಿದ್ದಾರೆ. ಇದನ್ನು ಕೇಳಿದ ಮಸಾಲೆ ಬೆಳೆಗಾರರು, “ಲವಂಗದೆಣ್ಣೆಯನ್ನು ಸವರಿದರೆ ಮಾಂಸ ಕೆಡುವುದೇ ಇಲ್ಲವಂತೆ, ನಿಜವೇ?” ಎಂದು ಪ್ರಶ್ನಿಸುವುದುಂಟು. ಆ ಪ್ರಶ್ನೆಗೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ಒಂದು ಅನಾಹುತದ ಪಾಠ

2017 ಮತ್ತು 2018ನೆಯ ಇಸವಿಗಳಲ್ಲಿ ದಕ್ಷಿಣ ಆಫ್ರಿಕಾ ದೇಶದಲ್ಲಿ ಲಿಸ್ಟೀರಿಯಾ ರೋಗವು ಹರಡಿ, 1060 ಮಂದಿಗೆ ತಗಲಿರುವುದು ಪರೀಕ್ಷೆಯಿಂದ ಖಚಿತವಾಯಿತು. ಅವರಲ್ಲಿ 216 ಮಂದಿ ಮೃತಪಟ್ಟರು. ರೋಗಿಗಳಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿ ಹುಟ್ಟಿದ ಒಂದು ತಿಂಗಳೊಳಗಿನ ಹಸುಳೆಗಳು. ರೋಗದ ಮೂಲವು ಪೊಲೊನಿ ಎಂಬ, ಬಡವರೂ ಕೊಳ್ಳಬಹುದಾದ ಅಗ್ಗದ ಸಿದ್ಧಮಾಂಸವೆಂದು 2018ರ ಮಾರ್ಚಿಯಲ್ಲಿ ಸರ್ಕಾರವು ಪ್ರಕಟಿಸಿತು. ಪೊಲೊನಿಯು ಬೇಯಿಸಿಯೇ ಮಾಡುವ ಪದಾರ್ಥ. ಹಾಗಿದ್ದರೂ ವಿಷಜೀವಿಯು ಅದರಲ್ಲಿ ಬಂದುದು ಹೇಗೆ?

ಲಿಸ್ಟೀರಿಯಾ ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಆದರೆ ಅದು ಕಾರ್ಖಾನೆಯ ಚರಂಡಿ, ಒದ್ದೆ ನೆಲ, ಮಾಂಸವನ್ನು ಹೋಳುಮಾಡುವ ಯಂತ್ರದ ಸಂದು ಮುಂತಾದ ಕಡೆಗಳಲ್ಲಿ ವರ್ಷಗಟ್ಟಲೆ ನೆಲೆನಿಲ್ಲಬಲ್ಲದು. ಬೆಂದು ಆರಿದ ಮಾಂಸವನ್ನು ಕತ್ತರಿಸುವಾಗ, ಪೊಟ್ಟಣ ಕಟ್ಟುವಾಗ ಅದರ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಇತರ ಅನೇಕ ಜೀವಿಗಳನ್ನು ತಡೆಯುವ ಚಳಿಯು ಇದನ್ನು ಪೂರ್ಣವಾಗಿ ತಡೆಯಲಾರದು. ರೆಫ್ರಿಜರೇಟರಿನ 4 ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ಇದು ನಿಧಾನವಾಗಿ ವೃದ್ಧಿಯಾಗುತ್ತದೆ. ಮಾಂಸದ ಬಣ್ಣವಾಗಲಿ ವಾಸನೆಯಾಗಲಿ ಕೆಡದಿರುವುದರಿಂದ ತಿನ್ನುವವನಿಗೆ ಯಾವ ಸೂಚನೆಯೂ ದೊರೆಯುವುದಿಲ್ಲ. ಗರ್ಭಿಣಿಯರಿಗೂ ವೃದ್ಧರಿಗೂ ರೋಗದಿಂದ ಕ್ಷೀಣಿಸಿದವರಿಗೂ ಇದು ಅತ್ಯಂತ ಅಪಾಯಕರ.

ಲೇಪವು ಕೆಲಸಮಾಡುವ ಬಗೆ

ಶತ್ರುವು ಮೇಲ್ಮೈಯಲ್ಲಿ ಬಂದು ಕುಳಿತುಕೊಳ್ಳುವುದರಿಂದ ಔಷಧವೂ ಅಲ್ಲಿಯೇ ಇರತಕ್ಕದ್ದು. ಲೇಪದ ತತ್ತ್ವವು ಇಷ್ಟೆ. ಲವಂಗದೆಣ್ಣೆಯಲ್ಲಿ ಯುಜೆನಾಲ್, ಓಮದೆಣ್ಣೆಯಲ್ಲಿ ಥೈಮಾಲ್, ಚಕ್ಕೆಯ ತೊಗಟೆಯೆಣ್ಣೆಯಲ್ಲಿ ಸಿನ್ನಮಾಲ್ಡಿಹೈಡ್ ಎಂಬ ಸತ್ತ್ವಗಳು ಪ್ರಧಾನವಾಗಿವೆ. ಯುಜೆನಾಲ್ ಮತ್ತು ಥೈಮಾಲ್‌ಗಳು ಸೂಕ್ಷ್ಮಜೀವಿಯ ಹೊರಪೊರೆಯೊಳಕ್ಕೆ ಸೇರಿ ಅದನ್ನು ಸಡಿಲಿಸುತ್ತವೆ. ಜೀವಕೋಶದೊಳಗಿನ ಲವಣಾದಿಗಳು ಸೋರಿಹೋಗಿ ಜೀವಿಯು ನಿಸ್ತ್ರಾಣವಾಗುತ್ತದೆ.

ಎಣ್ಣೆಯನ್ನು ಬರಿದೆ ಸಿಂಪಡಿಸಿದರೆ ಸ್ವಲ್ಪ ಭಾಗವು ಹಾರಿಹೋಗುತ್ತದೆ. ಉಳಿದುದನ್ನು ಮಾಂಸದ ಕೊಬ್ಬು ಹೀರಿಕೊಳ್ಳುತ್ತದೆ. ಆದಕಾರಣ ಅದನ್ನು ಕಂದುಬಣ್ಣದ ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್, ಹಣ್ಣಿನ ಪೆಕ್ಟಿನ್, ಅಥವಾ ಪಿಷ್ಟದ ದ್ರಾವಣದಲ್ಲಿ ಬೆರೆಸುತ್ತಾರೆ. ಮಾಂಸವನ್ನು ಆಲ್ಜಿನೇಟ್ ದ್ರಾವಣದಲ್ಲಿ ಅದ್ದಿ, ಬಳಿಕ ಕ್ಯಾಲ್ಸಿಯಂ ಕ್ಲೋರೈಡ್ ನೀರಿನಲ್ಲಿ ಅದ್ದಿದರೆ, ಲೇಪವು ಹೆಪ್ಪುಗಟ್ಟಿ ತೆಳುವಾದ ಪೊರೆಯಾಗುತ್ತದೆ. ಇದನ್ನು ಮಾಂಸದೊಡನೆಯೇ ತಿನ್ನಬಹುದು. ಎಣ್ಣೆಯು ಈ ಪೊರೆಯಿಂದ ಮೆಲ್ಲಮೆಲ್ಲನೆ ಹೊರಬಂದು, ಬೇಕಾದ ಸ್ಥಳದಲ್ಲಿಯೇ ಹೆಚ್ಚು ಕಾಲ ನಿಲ್ಲುತ್ತದೆ.

ಲೇಪದ ಮಿತಿಗಳು

ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಕಂಡ ಫಲವು ಮಾಂಸದ ಮೇಲೆ ಅಷ್ಟೇ ಪ್ರಮಾಣದ ಎಣ್ಣೆಯಿಂದ ದೊರೆಯುವುದಿಲ್ಲ. ಹಂದಿಯ ಯಕೃತ್ತಿನಿಂದ ಮಾಡಿದ ಸಾಸೇಜಿನಲ್ಲಿ ಸುಮಾರು ಹತ್ತುಪಟ್ಟು ಎಣ್ಣೆ ಬೇಕಾಯಿತೆಂದು ತಿಳಿದುಬಂದಿದೆ. ಎಣ್ಣೆಯನ್ನು ಹೆಚ್ಚಿಸಿದರೆ ನಾಲಗೆಯು ಒಪ್ಪುವುದಿಲ್ಲ. ಲವಂಗದ ಘಾಟು ಮಾಂಸದ ಸ್ವಂತ ರುಚಿಯನ್ನು ಮುಚ್ಚಿಬಿಡುತ್ತದೆ. ಆದುದರಿಂದ ಕಡಿಮೆ ಎಣ್ಣೆಯೊಡನೆ ಹುಳಿ, ಉಪ್ಪು, ಚಳಿ ಇವುಗಳನ್ನು ಕೂಡಿಸಿ ಬಳಸುವುದು ಯುಕ್ತ. ಒಂದೇ ಎತ್ತರದ ಬೇಲಿಗಿಂತ ಹಲವು ಸಣ್ಣ ಬೇಲಿಗಳನ್ನು ಸಾಲಾಗಿ ಹಾಕಬೇಕೆಂಬ ಈ ವಿಚಾರವನ್ನು ಜರ್ಮನಿಯ ಲೋಥರ್ ಲೈಸ್ಟ್ನರ್ ಎಂಬ ಮಾಂಸವಿಜ್ಞಾನಿಯು ಪ್ರಚಾರಕ್ಕೆ ತಂದನು.

ಮತ್ತೊಂದು ಮಾತು. ಹ್ಯಾಮು ಮೊದಲಾದವುಗಳಿಗೆ ಸೇರಿಸುವ ನೈಟ್ರೈಟ್ ಲವಣವು ಮಾಂಸದ ಒಳಭಾಗದಲ್ಲಿ ಬೊಟುಲಿನಂ ಎಂಬ ಘೋರ ವಿಷಜೀವಿಯನ್ನು ತಡೆಯುತ್ತದೆ. ಹೊರಗಿನ ಲೇಪವು ಆ ಕೆಲಸವನ್ನು ಮಾಡಲಾರದು. ಲೇಪವುಂಟೆಂಬ ಧೈರ್ಯದಿಂದ ನೈಟ್ರೈಟನ್ನು ಬಿಡಕೂಡದು.

ಬೆಳೆಗಾರರಿಗೂ ತಯಾರಕರಿಗೂ ಸೂಚನೆಗಳು

1. ಒಂದೇ ಗಿಡದ ಎಣ್ಣೆಗಳೆಲ್ಲವೂ ಒಂದೇ ಅಲ್ಲ. ದಾಲ್ಚಿನ್ನಿಯ ತೊಗಟೆಯ ಎಣ್ಣೆಯಲ್ಲಿ ಸಿನ್ನಮಾಲ್ಡಿಹೈಡ್ ಪ್ರಧಾನವಾದರೆ, ಎಲೆಯ ಎಣ್ಣೆಯಲ್ಲಿ ಯುಜೆನಾಲ್ ಪ್ರಧಾನ. ಇವೆರಡನ್ನೂ ಬೆರೆಸದೆ, ಭಾಗವನ್ನು ನಮೂದಿಸಿ, ಬೇರೆಬೇರೆಯಾಗಿ ಮಾರತಕ್ಕದ್ದು. ಸತ್ತ್ವದ ಪ್ರಮಾಣವನ್ನು ಪರೀಕ್ಷಿಸದ ಎಣ್ಣೆಯು ಲೇಪಕ್ಕೆ ಯೋಗ್ಯವಲ್ಲ.

2. ಮಸಾಲೆಯ ಪುಡಿಯನ್ನು ತಿಕ್ಕುವುದು ಲೇಪಕ್ಕೆ ಸಮನಲ್ಲ. ನೆಲದ ಮೇಲೆ ಒಣಗಿಸಿದ ಮಸಾಲೆಯಲ್ಲಿ ಧೂಳಿನೊಡನೆ ಸೂಕ್ಷ್ಮಜೀವಿಗಳೂ ಸೇರಿರುತ್ತವೆ. ಬೆಂದ ಮಾಂಸಕ್ಕೆ ಅದನ್ನು ಹಚ್ಚಿದರೆ ರೋಗವನ್ನು ನಾವೇ ಕರೆದಂತಾಗುವುದು. ಮಸಾಲೆಯನ್ನು ಶುಚಿಯಾದ ಚಾಪೆ ಅಥವಾ ತಾರ್ಪಾಲಿನ ಮೇಲೆ ಒಣಗಿಸಬೇಕು.

3. ಹಸಿಮಾಂಸದ ಕತ್ತಿ, ಹಲಗೆ, ಪಾತ್ರೆಗಳನ್ನು ಬೆಂದ ಮಾಂಸಕ್ಕೆ ಬಳಸಕೂಡದು. ಕತ್ತರಿಸುವ ಯಂತ್ರವನ್ನು ದಿನವೂ ಬಿಚ್ಚಿ ತೊಳೆಯಬೇಕು.

4. ಸಿದ್ಧಮಾಂಸವನ್ನು 4 ಡಿಗ್ರಿಗಿಂತ ಹೆಚ್ಚಿಲ್ಲದ ಚಳಿಯಲ್ಲಿಟ್ಟು, ಪೊಟ್ಟಣವನ್ನು ಒಡೆದ ಮೇಲೆ ಬೇಗನೆ ಮುಗಿಸಬೇಕು. ಗರ್ಭಿಣಿಯರಿಗೂ ವೃದ್ಧರಿಗೂ ಕೊಡುವಾಗ ಲೇಪವಿರಲಿ ಇಲ್ಲದಿರಲಿ, ಹಬೆಯಾಡುವಂತೆ, ಎಂದರೆ ಒಳಭಾಗವೂ 74 ಡಿಗ್ರಿಗೆ ಏರುವಂತೆ, ಬಿಸಿಮಾಡಿಯೇ ಕೊಡತಕ್ಕದ್ದು.

ಮೇಲೆ ಹೇಳಿದ ಪ್ರಶ್ನೆಗೆ ಉತ್ತರವು ಇದು: ಸಸ್ಯಜನ್ಯ ಲೇಪವು ಉಪಯುಕ್ತವಾದುದು ಹೌದು, ಆದರೆ ಅದು ಕೊನೆಯ ಬೇಲಿಯೇ ಹೊರತು ಮೊದಲನೆಯದಲ್ಲ. ಶುಚಿತ್ವವಿಲ್ಲದ ಮನೆಯಲ್ಲಿ ತಯಾರಾದ ಮಾಂಸವನ್ನು ಯಾವ ಎಣ್ಣೆಯೂ ಶುದ್ಧಮಾಡಲಾರದು. ಶುಚಿಯಾಗಿ ತಯಾರಿಸಿದ ಮಾಂಸಕ್ಕೆ ಮಾತ್ರ ನಮ್ಮ ತೋಟದ ಲವಂಗವೂ ಹೊಲದ ಓಮವೂ ಸಹಾಯಮಾಡಬಲ್ಲವು.